ಚಿಲಕವಿಲ್ಲದ ಮನೆ

ಸಂತಾಪ ಸಭೆಯ ದಿನ ಬೆಳಗ್ಗೆ ಮಗಳು ತವರಿಗೆ ಬಂದಾಗ ಅವಳ ಚೀಲದಲ್ಲಿ ಹೂವೂ ಇರಲಿಲ್ಲ, ಹಣ್ಣೂ ಇರಲಿಲ್ಲ. ಒಂದು ಹಿತ್ತಾಳೆ ಚಿಲಕ, ಅದಕ್ಕೆ ಬೇಕಾದ ಸ್ಕ್ರೂಗಳು, ಅಷ್ಟೇ. ಅಪ್ಪ ಇರುವತನಕ ಅಂಥದೊಂದನ್ನು ಹೊಸ್ತಿಲು ದಾಟಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಮನೆಯಲ್ಲಿ ಬೀದಿ ಬಾಗಿಲೊಂದನ್ನು ಬಿಟ್ಟರೆ ಇನ್ಯಾವುದಕ್ಕೂ ಚಿಲಕವಿಲ್ಲ. ಮಲಗುವ ಕೋಣೆಗಿಲ್ಲ, ಬಚ್ಚಲಿಗೂ ಇಲ್ಲ. ಮನೆ ಕಟ್ಟಿ ಮುಗಿದ ದಿನವೇ ಅಪ್ಪ ಕೈಯಾರೆ ಎಲ್ಲವನ್ನೂ ಬಿಚ್ಚಿ ಎಸೆದಿದ್ದ. ಯುದ್ಧಕಾಲದಲ್ಲಿ ಸರಕು ಹಡಗಿನ ಎಂಜಿನಿಯರಾಗಿ ಪದಕ ತಂದವನು, ಆಮೇಲೆ ಬಾಡಿಗೆ ಶೆಡ್ಡೊಂದರಲ್ಲಿ ನೀರೆತ್ತುವ ಪಂಪು ಮಾಡಲು ಶುರುಹಚ್ಚಿ ಕಾರ್ಖಾನೆ ಕಟ್ಟಿದವನು. ಅಂಥವನಿಗೆ ಹುಚ್ಚು ಹಿಡಿದಿದೆ ಅನ್ನುವುದು ಹೇಗೆ? "ಹೆಂಡ್ತಿ ಮಕ್ಕಳು ಅಂದ್ರೆ ಅಷ್ಟು ಪ್ರಾಣ, ನಡುವೆ ಒಂದು ಚಿಲಕ ಕೂಡ ಸಹಿಸೋಲ್ಲ" ಎಂದು ಬೀದಿಯವರೆಲ್ಲ ಬಾಯಿ ತುಂಬ ಹೊಗಳಿದರು. ಅಪ್ಪ ನಗುತ್ತ ತಲೆಯಾಡಿಸಿದ. ಹೊಗಳಿದವರಿಗೇನು, ತಮ್ಮ ತಮ್ಮ ಮನೆಗೆ ಹೋಗಿ ಹಾಯಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಇಲ್ಲಿ ಸ್ನಾನಕ್ಕೆ ಹೋದವರು ಮುಗಿಯುವತನಕ ಹಾಡುತ್ತಲೇ ಇರಬೇಕಿತ್ತು. ಹಾಡು ನಿಂತರೆ ಒಳಗೆ ಯಾರೂ ಇಲ್ಲವೆಂದು ಇನ್ನೊಬ್ಬರು ನುಗ್ಗಿಬಿಟ್ಟಾರೆಂಬ ದಿಗಿಲು. ಅಣ್ಣನ ರಾಗಕ್ಕೆ ಪಕ್ಕದ ಮನೆಯ ನಾಯಿಯೂ ದನಿಗೂಡಿಸುತ್ತಿತ್ತು. ಅದೇನೋ ನಗುವ ಮಾತಾಯಿತು. ನಗಲಾಗದ್ದೂ ಒಂದಿತ್ತು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಮಗಳು ತನ್ನ ಕೋಣೆಯ ಬಾಗಿಲಿಗೆ ಕುರ್ಚಿ ಆನಿಸಿ ಅಳುತ್ತ ಕೂತಿದ್ದಳು. ಅಪ್ಪ ಎರಡೂ ಕೈಯಲ್ಲಿ ದಬದಬ ಬಡಿದು, ಭುಜ ಕೊಟ್ಟು ಬಾಗಿಲನ್ನೇ ಕಿತ್ತುಕೊಂಡು ಒಳಗೆ ಬಂದ. ಯಾಕೆ ಅಳುತ್ತಿದ್ದೀಯ ಎಂದು ಕೇಳಲೇ ಇಲ್ಲ. ಅವಳನ್ನು ತಬ್ಬಿ ಸುಮ್ಮನೆ ನಡುಗುತ್ತ ನಿಂತ. ಅವಳಿಗೆ ಅಸಹ್ಯವಾಯಿತು. ಅವಳು ಮೆಚ್ಚಿ ಮದುವೆಯಾದದ್ದು ಗಂಡನನ್ನೋ ಅವನ ಮನೆಯ ಚಿಲಕಗಳನ್ನೋ ಎಂದು ಅಣ್ಣ ಇಂದಿಗೂ ರೇಗಿಸುತ್ತಾನೆ. ಅಮ್ಮನಿಗೆ ಆ ದಾರಿಯೂ ಇರಲಿಲ್ಲ.

"ಸಂಜೆ ನೀನೂ ನಾಲ್ಕು ಮಾತಾಡಬೇಕು," ಅಂದ ಅಣ್ಣ. ಈಗ ಕಾರ್ಖಾನೆಯ ಯಜಮಾನ ಅವನೇ. "ಎಂಜಿನಿಯರು, ಉದ್ಯಮಿ, ಅದೆಲ್ಲ ನಾನು ನೋಡ್ಕೋತೀನಿ. ಕುಟುಂಬವತ್ಸಲ ಅನ್ನೋದು ಮಗಳ ಬಾಯಲ್ಲಿ ಬಂದ್ರೆ ಚೆಂದ."

"ನನ್ನ ಬಾಯಲ್ಲಿ ಏನು ಬರುತ್ತೋ ಅದೇ ಬರುತ್ತೆ," ಎಂದಳು ಮಗಳು. ಎಲ್ಲರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕೆಂದು ಅವಳು ಹಟ ತೊಟ್ಟೇ ಬಂದಿದ್ದಳು.

ಅಪ್ಪನ ಸಲಕರಣೆ ಪೆಟ್ಟಿಗೆ ತೆಗೆದು ಅಮ್ಮನ ಕೋಣೆಯ ಬಾಗಿಲಿಗೆ ಚಿಲಕ ಕೂರಿಸತೊಡಗಿದಳು. ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವನೂ ಅವನೇ, ಮಡಿಲಲ್ಲಿ ಕೂರಿಸಿಕೊಂಡು. ಅದು ನೆನಪಾಗಿ ಇನ್ನಷ್ಟು ರೇಗಿತು.

ಮಂಚದ ಮೇಲೆ ಕೂತಿದ್ದ ಅಮ್ಮ ಕೇಳಿದಳು, "ಸಭೇಲಿ ಏನು ಹೇಳ್ತೀಯ?"

"ಈ ಮನೇಲಿ ನಮಗೆ ಉಸಿರು ಕಟ್ತಿತ್ತು ಅಂತ."

ಅಮ್ಮ ಹೊಸ ಚಿಲಕದ ಕಡೆ ನೋಡಿದಳು. ಆಮೇಲೆ, "ಹಡಗಿಗೆ ಬಾಂಬು ಬಿದ್ದು ಬಾಯ್ಲರ್ ಕೋಣೆಗೆ ನೀರು ನುಗ್ಗಿತಂತೆ," ಅಂದಳು. "ನಡುವೆ ಒಂದು ಕಬ್ಬಿಣದ ಬಾಗಿಲು. ಹಾಕದೆ ಬಿಟ್ಟಿದ್ರೆ ಹಡಗೇ ಮುಳುಗ್ತಿತ್ತು. ನಿಮ್ಮಪ್ಪ ಹಾಕಿ ಭದ್ರ ಮಾಡಿದ್ರು. ಆ ಕಡೆ ಇನ್ನೂ ಜನ ಇದ್ರು. ಬಡೀತಾನೇ ಇದ್ರಂತೆ. ಆಮೇಲೆ ಸದ್ದು ನಿಂತಿತಂತೆ. ಪದಕ ಕೊಟ್ಟಿದ್ದು ಅದಕ್ಕೇ."

ಮಗಳು ಬಾಗಿಲು ಬಿಟ್ಟು ಅಮ್ಮನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತು. ನಮಗೆ ಯಾಕಮ್ಮ ಹೇಳಲಿಲ್ಲ?"

"ಹೇಳಬೇಡ ಅಂತ ಆಣೆ ಇಡಿಸಿಕೊಂಡಿದ್ರು. ಆಣೆ ಇಲ್ಲದಿದ್ರೂ ನಾನು ಹೇಳ್ತಿರಲಿಲ್ಲ. ಗೊತ್ತಾಗಿದ್ರೆ ಅಯ್ಯೋ ಪಾಪ ಅಂತ ನೀನೂ ಇಲ್ಲೇ ಉಳ್ಕೋತಿದ್ದೆ. ಸಿಟ್ಟಿತ್ತು ನೋಡು, ಅದಕ್ಕೇ ಹೊರಟು ಹೋದೆ. ಪಾಪ ಅನ್ನೋಕೆ ಈ ಮನೇಲಿ ನಾನೊಬ್ಬಳು ಸಾಕಾಗಿತ್ತು."

ಮಗಳು ಕೊನೆಯ ಸ್ಕ್ರೂ ಬಿಗಿಮಾಡಿದಳು. ಇಷ್ಟು ವರ್ಷ ಜೋಪಾನ ಮಾಡಿದ್ದು ಆ ಸಿಟ್ಟೊಂದನ್ನೇ. ಹೋಗುವಾಗ ಅಪ್ಪ ಅದನ್ನೂ ಕಸಿದುಕೊಂಡು ಹೋದ. ಬದಲಿಗೆ ಕೊಟ್ಟದ್ದೇನು? ಕ್ಷಮಿಸೋಣವೆಂದರೆ ಅಮ್ಮನ ಬಾಳು ಎದುರಿಗೇ ಕೂತಿದೆ, ಬೈಯೋಣವೆಂದರೆ ಬಾಯಿ ಬರುತ್ತಿಲ್ಲ.

ಸಂಜೆ ಕಾರ್ಖಾನೆಯ ಯಂತ್ರಗಳನ್ನೆಲ್ಲ ನಿಲ್ಲಿಸಿ, ನಡುವಿನ ಜಾಗದಲ್ಲಿ ಕುರ್ಚಿ ಹಾಕಿದ್ದರು. ಎಣ್ಣೆಯ ವಾಸನೆ ಹಾಗೇ ಇತ್ತು. ಮಗಳು ಎದ್ದು ಮೈಕಿನ ಮುಂದೆ ನಿಂತು, "ನಮ್ಮಪ್ಪ ಕುಟುಂಬವತ್ಸಲ" ಅಂದಳು. ಮುಂದೆ ಮಾತು ಹೊರಡಲಿಲ್ಲ. ದುಃಖ ಉಮ್ಮಳಿಸಿತೆಂದು ತಿಳಿದು ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಅಣ್ಣನಿಗೆ ತುಂಬ ಸಮಾಧಾನವಾಯಿತು.

ಮನೆಗೆ ಬಂದೊಡನೆ ಅಮ್ಮ ತನ್ನ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿ ಮಗಳಿಗೆ ಮೊದಲು ಹಾಯೆನಿಸಿತು. ಕಾಫಿ ಮಾಡಿ ತಂದು ಹೊರಗಿನಿಂದ ಕರೆದಳು. ಉತ್ತರವಿಲ್ಲ. ಇನ್ನೊಮ್ಮೆ ಕರೆದಳು. ಒಳಗೆ ಮಿಸುಕಾಟವೂ ಇಲ್ಲ. ಕಾಫಿ ಆರಿತು. ಏನಾಯಿತೋ, ಬಿದ್ದಳೋ, ಒಬ್ಬಳೇ ಒಳಗೆ! ಲೋಟ ನೆಲದ ಮೇಲಿಟ್ಟವಳೇ ಎರಡೂ ಕೈಯಲ್ಲಿ ದಬದಬ ಬಡಿಯತೊಡಗಿದಳು.

"ಅಮ್ಮಾ! ಬಾಗಿಲು ತೆಗಿ! ತೆಗಿಯಮ್ಮಾ!"

ಭುಜ ಬಾಗಿಲಿಗೆ ಆನಿಸಿಯೂ ಆಗಿತ್ತು.

ಒಳಗಿನಿಂದ ಅಮ್ಮನ ದನಿ ಬಂತು, ಮೂಗು ಕಟ್ಟಿದ ದನಿ. "ಬದುಕಿದ್ದೀನಿ ಕಣೇ. ನಿಮ್ಮಪ್ಪನ ಹಾಗೆ ಬಡೀಬೇಡ. ಈಗಷ್ಟೇ ಅಳೋಕೆ ಶುರು ಮಾಡಿದ್ದೆ."