ಬೆಲ್ ರಿವಿಯೇರಿನ ಮನೆಯವರು

ಸೇಂಟ್ ಲೂಸಿಯಾ ದ್ವೀಪದಲ್ಲಿ ಯಾರ ಅಂಗಳಕ್ಕೂ ಯಾರೂ ಸುಮ್ಮನೆ ನುಗ್ಗುವುದಿಲ್ಲ. ಬೇಲಿಯಾಚೆ ನಿಂತು ‘ಒಳಗ್ಯಾರಿದೀರಾ?’ ಎಂದು ಕೂಗಬೇಕು. ‘ಬನ್ನಿ’ ಎಂದಮೇಲೆ ಕಾಲಿಡಬೇಕು. ಕಳ್ಳನನ್ನು ಹಿಡಿಯಲು ಬಂದ ಪೊಲೀಸನೂ ಕೂಗಿಯೇ ಬರುತ್ತಾನೆ. ಅಷ್ಟರಲ್ಲಿ ಕಳ್ಳ ಹಿತ್ತಲಿಂದ ಓಟ ಕಿತ್ತಿರುತ್ತಾನೆ, ಅದು ಬೇರೆ ಮಾತು.

ಇಗ್ನೇಷಿಯಸ್ ಲಬೋರ್ಡ್ ಇಪ್ಪತ್ತೆರಡು ವರ್ಷಗಳಿಂದ ಹಡಗಿನ ಪ್ರವಾಸಿಗರಿಗೆ ಬೆಲ್ ರಿವಿಯೇರ್ ಎಂಬ ಪಾಳುಬಿದ್ದ ಕಬ್ಬಿನ ತೋಟ ತೋರಿಸುತ್ತಿದ್ದ. ಗಾಣದ ಚಕ್ರ, ಬೆಲ್ಲದ ಕೊಪ್ಪರಿಗೆ, ಅದರ ಹಿಂದೆ ಗುಲಾಮರಿದ್ದ ಸಾಲುಕೋಣೆಗಳು. ಸೂರಿಲ್ಲ, ಗೋಡೆಗಳಿವೆ, ಜರಿಗಿಡ ಎದೆಯೆತ್ತರ. ಮೂರನೆಯ ಕೋಣೆ ಅವನ ಅಜ್ಜಿಯ ಅಜ್ಜಿ ಸೆಲೆಸ್ತೀನಳದು. ಆ ಅಂಗಳದ ಮುಂದೆಯೂ ಅವನು ಕೂಗುತ್ತಿದ್ದ. ಯಾರೂ ಓಗೊಡುತ್ತಿರಲಿಲ್ಲ. ‘ತಪ್ಪಾಯ್ತು’ ಎಂದು ಗೊಣಗಿ, ಕಳ್ಳನ ಹಾಗೆ ಒಳಹೋಗುತ್ತಿದ್ದ.

ಈ ವರ್ಷ ಪಟ್ಟಣದ ಪ್ರವಾಸೋದ್ಯಮ ಕಚೇರಿ ಗೈಡುಗಳಿಗೆಲ್ಲ ಅಚ್ಚುಹಾಕಿದ ಪಾಠ ಕೊಟ್ಟಿತು. ನಲವತ್ತು ನಿಮಿಷ, ಒಂದು ಮಾತೂ ಹೆಚ್ಚಿಲ್ಲ. ಕೂಗುವುದಂತೂ ಬೇಡವೇ ಬೇಡ, ಹಡಗು ಕಾಯುವುದಿಲ್ಲ. ಇವತ್ತು ಪರೀಕ್ಷೆ. ತಪ್ಪಿದರೆ ಗೈಡಿನ ಬಿಲ್ಲೆ ವಾಪಸ್. ಅರವತ್ತೊಂದರ ವಯಸ್ಸಿಗೆ ಬೇರೆ ಕೆಲಸ ಸಿಗದೆಂಬುದು ಒಂದು ಸಂಕಟ. ಬೆಲ್ ರಿವಿಯೇರಿಗೆ ಹೋಗಲು ನೆವವೇ ಇರುವುದಿಲ್ಲವಲ್ಲ ಎಂಬುದು ಅದಕ್ಕಿಂತ ದೊಡ್ಡ ಸಂಕಟ.

“ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ಳಿ,” ಎಂದಳು ಹೆಂಡತಿ ಅರ್ನೆಸ್ತೀನ್, ಬೇಯಿಸಿದ ಬಾಳೆಕಾಯಿ, ಉಪ್ಪುಮೀನು ಬಡಿಸುತ್ತ. “ಸತ್ತೋರೇನು ಬೇಜಾರು ಮಾಡ್ಕೊಳಲ್ಲ.”

“ನಾನು ಕೂಗದೆ ಒಳಗ್ ಬಂದೆ ಅಂತ ನಿಮ್ಮಮ್ಮ ಎಷ್ಟು ದಿನ ಮಾತು ಬಿಟ್ಟಿದ್ರು?”

“ಎರಡು ವರ್ಷ. ಅವ್ರು ಬದುಕಿದ್ರಲ್ಲ!”

ಪರೀಕ್ಷೆ ಮಾಡಲು ಬಂದವರು ಪ್ರೊಸ್ಪೇರ್ ಮೇಡಂ. ಕೈಯಲ್ಲಿ ಗಡಿಯಾರ, ಕಂಕುಳಲ್ಲಿ ಹಾಳೆ. ಜತೆಗೆ ಹಡಗಿನಿಂದಿಳಿದ ಎಂಟು ಮಂದಿ. ಅವರಲ್ಲೊಬ್ಬ ಆಗಲೇ ರಮ್ ಎಲ್ಲಿ ಸಿಗುತ್ತದೆಂದು ಕೇಳಿಯಾಗಿತ್ತು. ಗಾಣ, ಕೊಪ್ಪರಿಗೆಗಳ ಬಳಿ ಇಗ್ನೇಷಿಯಸ್ ಪಾಠವನ್ನು ಗಿಳಿಯಂತೆ ಒಪ್ಪಿಸಿದ. ಮೇಡಂ ತಲೆದೂಗಿದರು. ಸಾಲುಕೋಣೆಗಳ ಅಂಗಳಕ್ಕೆ ಬಂದಾಗ ಇಪ್ಪತ್ತಾರನೆಯ ನಿಮಿಷ.

ಜಪ್ಪಯ್ಯ ಅಂದರೂ ಇಗ್ನೇಷಿಯಸ್‌ನ ಕಾಲು ಮುಂದೆ ಹೋಗಲಿಲ್ಲ.

“ಯಾಕಪ್ಪ ನಿಂತ್ರಿ?”

“ಕೂಗಿಲ್ಲ, ಮೇಡಂ.”

“ಕೂಗಬೇಡಿ ಅಂತ ಬರೆದೇ ಇದೆಯಲ್ಲ! ಒಳಗೆ ಯಾರಿದಾರೆ, ಹಲ್ಲಿ?”

“ಯಾರಾದ್ರೂ ಇರ್ಲಿ, ಮೇಡಂ. ಮನೆ ಅಲ್ವಾ? ನನ್ ಕೈಲಾಗಲ್ಲ. ಬಿಲ್ಲೆ ಬೇಕಾದ್ರೆ ತಗೊಳ್ಳಿ.” ಹೇಳಿದ ಮೇಲೆ ಅವನಿಗೆ ಅಳು ಬಂತು. ಬಿಲ್ಲೆ ಬಿಚ್ಚಲು ಹೋದರೆ ಪಿನ್ನು ಅಂಗಿಗೆ ಕಚ್ಚಿಕೊಂಡಿತ್ತು.

“ಒಳ್ಳೇ ಗ್ರಹಚಾರ! ನಾನೇ ಕರ್ಕೊಂಡ್ ಹೋಗ್ತೀನಿ. ಬನ್ರೀ ಎಲ್ಲಾ,” ಎಂದು ಮೇಡಂ ದಾಪುಗಾಲು ಹಾಕಿದರು. ಅಂಗಳದ ಅಂಚಿನವರೆಗೆ ಹೋದರು. ಅಲ್ಲಿ ನಿಂತರು. ಅವರೂ ಈ ದ್ವೀಪದಲ್ಲೇ, ಕೂಗದೆ ನುಗ್ಗಿದ್ದಕ್ಕೆ ಯಾರದೋ ಅಜ್ಜಿಯ ಕೈಯಲ್ಲಿ ಪೆಟ್ಟು ತಿಂದೇ ಬೆಳೆದವರು. ಗಡಿಯಾರ ನೋಡಿದರು. ಪ್ರವಾಸಿಗರನ್ನು ನೋಡಿದರು. ಕೆಮ್ಮಿದರು.

“ಒಳಗ್ಯಾರಿದೀರಾ?” ಎಂದರು, ಸಣ್ಣ ದನಿಯಲ್ಲಿ.

ಯಾರೂ ಓಗೊಡಲಿಲ್ಲ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ರಮ್ ಕೇಳಿದವನೂ ಟೋಪಿ ತೆಗೆದ. ಓಗೊಡದ ಮನೆಗೆ ಹೋಗುವ ಹಾಗಿಲ್ಲ, ಕೂಗಿದ ಮೇಲೆ ಹಾಗೇ ನುಗ್ಗುವ ಹಾಗೂ ಇಲ್ಲ. ಮೇಡಂ ದಿಕ್ಕು ತೋಚದೆ ಇಗ್ನೇಷಿಯಸ್‌ನತ್ತ ತಿರುಗಿದರು.

ಇಷ್ಟು ವರ್ಷ ಕೂಗುವವನು ತಾನೇ ಆಗಿದ್ದರಿಂದ ಓಗೊಡಬೇಕಾದ ಮನೆಯವನೂ ತಾನೇ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಅವನು ಮೇಡಂ ಅವರನ್ನು ದಾಟಿ, ಅಂಗಳ ಹಾದು, ಮೂರನೆಯ ಬಾಗಿಲಲ್ಲಿ ಹೋಗಿ ನಿಂತ. ತಪ್ಪಾಯ್ತು ಎನ್ನಲಿಲ್ಲ.

“ಬನ್ನಿ, ಬನ್ನಿ,” ಎಂದ. “ಮೆಟ್ಟಿಲು ಜಾರತ್ತೆ, ನೋಡ್ಕೊಂಡು.”

ಎಲ್ಲರೂ ಒಬ್ಬೊಬ್ಬರಾಗಿ ಒಳಬಂದರು.

ಪರೀಕ್ಷೆ ಮುಗಿದಾಗ ನಲವತ್ತೇಳು ನಿಮಿಷವಾಗಿತ್ತು. ಮೇಡಂ ಗಾಣದ ಕಲ್ಲಿನ ಮೇಲೆ ಹಾಳೆಯಿಟ್ಟು ‘ಉತ್ತೀರ್ಣ’ ಎಂದು ಬರೆದರು. ಏಳು ನಿಮಿಷ ತಡವಾದದ್ದಕ್ಕೆ ಕಾರಣ ಕೊಡಬೇಕಿತ್ತು. ಸ್ವಲ್ಪ ಯೋಚಿಸಿ, ಬರೆದು ಸಹಿ ಹಾಕಿದರು: ‘ಮನೆಯವರು ಓಗೊಡುವುದು ತಡವಾಯಿತು.’