ಬಡಗಿ ಮಾವ ಮುಚ್ಚಿಟ್ಟ ಕಣ್ಣು

ಹಲಗೆ ನೆಟ್ಟಗಿದೆಯೋ ಇಲ್ಲವೋ ನೋಡಲು ಬಡಗಿ ಮಾವನಿಗೆ ಮಟ್ಟಗೋಲು ಬೇಕಿರಲಿಲ್ಲ. ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಅಂಚಿನುದ್ದಕ್ಕೂ ಒಮ್ಮೆ ದಿಟ್ಟಿಸಿದರೆ ಸಾಕು, ಕೂದಲೆಳೆಯಷ್ಟು ಸೊಟ್ಟವೂ ಸಿಕ್ಕಿಬೀಳುತ್ತಿತ್ತು. ನಲವತ್ತು ವರ್ಷದ ಕಸುಬು. ಆ ಕಣ್ಣೆಂದರೆ ಇಡೀ ಬೀದಿಗೇ ಹೆಮ್ಮೆ.

ಈಚೆಗೆ ಮಾತ್ರ ಎಡಗಡೆ ಇಟ್ಟ ಟೀ ಲೋಟ ಮೊಣಕೈ ತಾಗಿ ಉರುಳತೊಡಗಿತು. ಎಡಭುಜ ಎರಡು ಸಲ ಬಾಗಿಲಿಗೆ ಬಡಿಯಿತು, ಅದೂ ತಾವೇ ಕೂರಿಸಿದ ಚೌಕಟ್ಟಿಗೆ.

ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದ ಸೊಸೆ, ಕಣ್ಣಿನ ಡಾಕ್ಟರಿಗೆ ತೋರಿಸೋಣ ಎಂದಳು. ಮಾವನ ಮೂಗಿನ ತುದಿಗೆ ಕೋಪ ಬಂತು. ಹೋದ ತಿಂಗಳಷ್ಟೇ ಅಂಗಡಿಯಲ್ಲಿ ಹೊಸ ಕನ್ನಡಕ ಮಾಡಿಸಿದ್ದೇನೆ, ಇನ್ನು ಡಾಕ್ಟರು ಬಂದು ಏನು ಕಡಿದು ಕಟ್ಟೆ ಹಾಕುತ್ತಾರೆ ಎಂದು ಗೊಣಗಿದರು.

"ಮಾವ, ಮರ ಸೀಳೋನು, ಬಾಗಿಲು ಮಾಡೋನು, ಪಾಲಿಶ್ ಹೊಡೆಯೋನು ಎಲ್ಲಾ ಒಬ್ಬನೇನಾ?"

"ಅದು ಹೇಗಾಗುತ್ತಮ್ಮ? ಅವರವರ ಕೆಲಸ ಅವರವರಿಗೆ."

"ಕಣ್ಣಿಗೂ ಹಾಗೇ. ಅಂಗಡಿಯವರು ಕನ್ನಡಕ ಮಾಡಿಕೊಡ್ತಾರೆ. ಆಪ್ಟೋಮೆಟ್ರಿಸ್ಟ್ ದೃಷ್ಟಿ ಪರೀಕ್ಷೆ ಮಾಡಿ ನಂಬರ್ ಹೇಳ್ತಾರೆ. ಒಳಗೆ ರೋಗ ಇದ್ದರೆ ಅದಕ್ಕೆ ಔಷಧಿ, ಆಪರೇಷನ್ ಮಾಡೋರು ಕಣ್ಣಿನ ಡಾಕ್ಟರು."

ನನ್ನ ಕಣ್ಣಿಗೆ ರೋಗವೇ ಎಂದು ನಕ್ಕ ಮಾವ, ಪರೀಕ್ಷೆಗೆಂದೇ ಒಂದು ಹಲಗೆ ಎತ್ತಿ ಹಿಡಿದರು. ಸೊಸೆ ಮೆಲ್ಲಗೆ ಹೇಳಿದಳು: "ಇವತ್ತು ಬಲಗಣ್ಣು ಮುಚ್ಚಿ ನೋಡಿ."

ಮುಚ್ಚಿದರು. ಹಲಗೆಯ ನಡುವೆ ಅಂಗೈಯಗಲ ಮಾತ್ರ ಕಂಡಿತು. ಸುತ್ತಲಿನದೆಲ್ಲ ಹೊಗೆಯಲ್ಲಿ ಕರಗಿದಂತಿತ್ತು. ಕೆಲಸದ ಹೊತ್ತಿನಲ್ಲೆಲ್ಲ ಮುಚ್ಚಿಯೇ ಇದ್ದ ಕಣ್ಣನ್ನು ಯಾರು ವಿಚಾರಿಸಿದ್ದರು?

ಮಾವ ಹಲಗೆ ಕೆಳಗಿಟ್ಟರು. "ನಾಳೆ ಎಷ್ಟು ಹೊತ್ತಿಗೆ ಹೋಗೋಣ?"

ಡಾಕ್ಟರು ಕಣ್ಣಿನೊಳಗಿನ ಒತ್ತಡ ಅಳೆದರು, ಹನಿ ಹಾಕಿ ಹಿಂದಿನ ನರ ನೋಡಿದರು. ಗ್ಲಾಕೋಮಾ ಎಂದರು. ನೋವೇ ಇಲ್ಲದೆ ಅಂಚಿನಿಂದ ದೃಷ್ಟಿ ತಿನ್ನುವ ರೋಗ. ಹೋದದ್ದು ಮರಳಿ ಬಾರದು. ಬಲಗಣ್ಣಿನಲ್ಲೂ ಈಗಷ್ಟೇ ಶುರುವಾಗಿದೆ, ದಿನಾ ತಪ್ಪದೆ ಹನಿ ಹಾಕಿಕೊಂಡು ಹೇಳಿದಾಗ ಬಂದು ತೋರಿಸಿದರೆ ಉಳಿಸಿಕೊಳ್ಳಬಹುದು ಎಂದರು.

"ಗೊತ್ತಾಯ್ತು ಡಾಕ್ಟ್ರೇ, ಗೆದ್ದಲು," ಎಂದರು ಮಾವ. "ಹೊರಗೆ ಪಾಲಿಶ್ ಹೊಳೀತಾನೇ ಇರುತ್ತೆ."

ವರ್ಷ ಕಳೆಯಿತು. ಬಲಗಣ್ಣು ಇಂದಿಗೂ ಸೊಟ್ಟ ಹಿಡಿಯುತ್ತದೆ. ಬಾಗಿಲು ಮಾಡಿಸಲು ಬಂದವರಿಗೆ ಮಾವ ಮೊದಲು ಒಂದೊಂದೇ ಕಣ್ಣು ಮುಚ್ಚಿ ಹಲಗೆ ನೋಡಲು ಹೇಳುತ್ತಾರೆ. ಇದನ್ನು ಯಾರು ಕಲಿಸಿದರು ಎಂದು ಕೇಳಿದರೆ ಎದೆಯುಬ್ಬಿಸುತ್ತಾರೆ: "ನನ್ನ ಸೊಸೆ. ಸೊಟ್ಟ ಹಿಡಿಯೋದರಲ್ಲಿ ನನಗಿಂತ ಒಂದು ಕೈ ಮೇಲು."

ಓದುತ್ತಿರುವ ನೀವೂ ಈಗಲೇ ಒಂದೊಂದು ಕಣ್ಣು ಮುಚ್ಚಿ ನೋಡಿ. ವ್ಯತ್ಯಾಸ ಕಂಡರೆ ತಡಮಾಡಬೇಡಿ. ಕಾಣದಿದ್ದರೂ, ನಲವತ್ತು ದಾಟಿದ್ದರೆ ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಿ. ಗೆದ್ದಲು ಸದ್ದು ಮಾಡಿ ಬರುವುದಿಲ್ಲ.