ಲಾರಿಯ ಮೂತಿಗೆ ಕಟ್ಟಿದ ಬ್ಯಾನರ್

ಬ್ಯಾನರ್ ಏನು ಸಣ್ಣದಿತ್ತೇ? ಲಾರಿಯ ಈ ಹೆಡ್‌ಲೈಟಿನಿಂದ ಆ ಹೆಡ್‌ಲೈಟಿನವರೆಗೆ ಫ್ಲೆಕ್ಸು. ಮೂಲೆಯಲ್ಲಿ ಅಂಗೈಯಗಲದ ಗಣಪತಿ, ನಡುವೆ ಕೋಟು ತೊಟ್ಟು ಕೈಮುಗಿದ ಕನ್ನಡ ಸಂಘದ ಅಧ್ಯಕ್ಷ ರಾಮದಾಸ್. ಮೆರವಣಿಗೆ ಗಣಪತಿಯದೋ ಇವನದೋ ಎಂದು ಮ್ಯೂನಿಕ್ ಪಕ್ಕದ ಗಾರ್ಕಿಂಗ್ ಊರಿನ ಜರ್ಮನರು ತಲೆ ಕೆರೆದುಕೊಂಡಿದ್ದರೆ ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಲಾರಿ ಹಾಲಸಿದ್ದಪ್ಪನದು. ಬಾಗಲಕೋಟೆ ಕಡೆಯವನು. ಲಾರಿಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅತಿಯಾಗಿ ಬಿಸಿಯಾಗದಂತೆ ನೋಡಿಕೊಳ್ಳುವುದೇ ಮ್ಯೂನಿಕ್ಕಿನ ಒಂದು ಕಂಪನಿಯಲ್ಲಿ ವರ್ಷಗಟ್ಟಲೆ ಅವನ ಕೆಲಸವಾಗಿತ್ತು. ಕಂಪನಿ ಆ ವಿಭಾಗಕ್ಕೇ ಬಾಗಿಲು ಹಾಕಿದಾಗ, ಅಗ್ನಿಶಾಮಕದವರು ಮಾರಿದ ಹಳೇ ಆಟೊಮ್ಯಾಟಿಕ್ ಲಾರಿಯೊಂದನ್ನು ಕೊಂಡು ಮನೆ ಬದಲಿಸುವವರ ಸಾಮಾನು ಸಾಗಿಸಲು ನಿಂತ. ಸಂಸಾರ ನಡೆಯುತ್ತಿದ್ದುದು ಆ ಲಾರಿಯಿಂದಲೇ. ಆದರೂ ಮನಸ್ಸು ಮಾತ್ರ ಹಳೇ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ರಾಮದಾಸನ ಕಂಪನಿಯಲ್ಲಿ ಗೇರ್‌ಬಾಕ್ಸ್ ವಿಭಾಗಕ್ಕೆ ಒಬ್ಬ ಇಂಜಿನಿಯರ್ ಬೇಕಾಗಿದ್ದ, ಆರಿಸುವವನು ರಾಮದಾಸನೇ. “ಗಣೇಶನ ಕೆಲಸ ಒಂದು ಮುಗೀಲಿ ಸಿದ್ದಪ್ಪನವ್ರೇ, ಮತ್ತೆ ಕೂತು ಮಾತಾಡುವ” ಎಂದು ಆ ಉಡುಪಿಯ ಪುಣ್ಯಾತ್ಮ ಮೂಗಿಗೆ ತುಪ್ಪ ಸವರಿದ್ದ. ಗಣಪತಿಯನ್ನು ಹೊರಲು ಲಾರಿ ಬಿಟ್ಟಿಯಾಗಿ ಬಂದದ್ದು ಹೀಗೆ.

ಬ್ಯಾನರ್ ಕಟ್ಟುವಾಗಲೇ ಸಿದ್ದಪ್ಪನಿಗೆ ಸಂಕಟ ಶುರುವಾಯಿತು. ಗೇರ್‌ಬಾಕ್ಸಿನ ಎಣ್ಣೆ ತಣಿಸುವ ಕೂಲರ್ ಇರುವುದು ಮುಂದಿನ ಜಾಲರಿಯ ಹಿಂದೆ. ಅದಕ್ಕೆ ಗಾಳಿ ಬೇಕು. ಆಗಸ್ಟಿನ ಸುಡುಬಿಸಿಲು, ನಡಿಗೆಯ ವೇಗ, ಹೆಜ್ಜೆಗೊಮ್ಮೆ ಬ್ರೇಕು, ಮೇಲೆ ಈ ಫ್ಲೆಕ್ಸು. ಎಣ್ಣೆ ಕುದಿಯದೆ ಇನ್ನೇನಾಗುತ್ತದೆ?

“ಸರ, ಇದನ್ನ ಬಾಜೂಕ ಕಟ್ಟಿದ್ರ...”

“ಬದಿಗೆ ಕಟ್ಟಿದ್ರೆ ಫೋಟೋದಲ್ಲಿ ಎಂಥ ಕಾಣ್ತದೆ ಮಾರಾಯ್ರೆ?” ಎಂದ ರಾಮದಾಸ್, ಹಗ್ಗ ಬಿಗಿಯುತ್ತಲೇ.

“ಅಲ್ರಿ ಸರ, ಗಾಳಿ...”

“ಹಾಂ? ಎಂಥದು?”

“ಏನಿಲ್ರಿ.”

ಅಷ್ಟೇ! ಗೇರ್‌ಬಾಕ್ಸಿನ ಬಿಸಿಯ ಮೇಲೆ ಗಂಟೆಗಟ್ಟಲೆ ಭಾಷಣ ಬಿಗಿಯಬಲ್ಲ ಗಂಡಸು, ನೌಕರಿಯ ಆಸೆಗೆ ಒಂದು ವಾಕ್ಯ ಮುಗಿಸಲಾರದೆ ಹೋದ.

ಮೆರವಣಿಗೆ ಹೊರಟಿತು. ಮುಂದೆ ಡೊಳ್ಳು, ಅದರ ಮುಂದೆ ಪೊಲೀಸರ ಕಾರು. ನಿಂತಲ್ಲೆಲ್ಲ ಸಿದ್ದಪ್ಪ ಲಾರಿಯನ್ನು ನ್ಯೂಟ್ರಲ್‌ಗೆ ತಂದು ಎಣ್ಣೆಗೆ ಕೊಂಚ ಉಸಿರಾಡಲು ಬಿಡುತ್ತಿದ್ದ. ಕುಣಿಯುವವರು ಬಿಡಬೇಕಲ್ಲ! ನಾಲ್ಕು ಮಾರು ಹೋಗುವುದು, ನಿಲ್ಲುವುದು, ಮತ್ತೆ ನಾಲ್ಕು ಮಾರು. ಎಣ್ಣೆಯ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಲೇ ಇತ್ತು.

“ರೀ, ಮುಳ್ಳು ಕೆಂಪಿಗೆ ಬಂತು” ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ ಕೀರ್ತಿ.

“ಕಾಣಾಕತ್ತೈತಿ.”

“ಕಂಡ್ರ ನಿಲ್ಲಸ್ರಿ! ಬಾಯಿ ಸತ್ತೈತೇನು ನಿಮ್ಗ? ನಾನೇ ಇಳದು ಹರದು ಒಗೀತೀನಿ ಅದನ್ನ.”

ಬಾಗಿಲು ತೆರೆದವಳ ಕೈಯನ್ನು ಸಿದ್ದಪ್ಪ ಗಟ್ಟಿಯಾಗಿ ಹಿಡಿದುಕೊಂಡ. “ಸುಮ್ನ ಕುಂದ್ರು. ಮುಂದಿನ ವಾರ ಕರೀತಾನಂವ.”

“ಕರೀಲಿಲ್ಲಂದ್ರ?”

ಎದುರಿಗೆ ರಾಮದಾಸ್ ಹಿಮ್ಮುಖವಾಗಿ ನಡೆಯುತ್ತ, ಒಂದು ಕೈಯಲ್ಲಿ ಮೊಬೈಲು ಹಿಡಿದು ತನ್ನದೇ ಬ್ಯಾನರಿನ ವಿಡಿಯೋ ಮಾಡುತ್ತ, ಇನ್ನೊಂದು ಕೈಯಲ್ಲಿ ‘ಬನ್ನಿ ಬನ್ನಿ’ ಎಂದು ಕರೆಯುತ್ತಿದ್ದ. ಸಿದ್ದಪ್ಪ ಕಾಲನ್ನು ಬ್ರೇಕಿನಿಂದ ತೆಗೆದ.

ಮೊದಲು ಬಂದದ್ದು ವಾಸನೆ, ತಳ ಹಿಡಿದ ಪಾಯಸದ ಹಾಗೆ. ಆಮೇಲೆ ಎಂಜಿನ್ ಎಷ್ಟು ಅರಚಿಕೊಂಡರೂ ಗಾಲಿ ಉರುಳಲಿಲ್ಲ. ಲಾರಿಯ ಕೆಳಗಿನಿಂದ ಹೊಗೆ ಎದ್ದಿತು, ಎಣ್ಣೆ ರಸ್ತೆಯ ಮೇಲೆ ಕರ್ರಗೆ ಸುರಿಯಿತು. ಡೊಳ್ಳು ನಿಂತಿತು. ಜನ ಗಣಪತಿಯನ್ನು ಇಳಿಸಿ ಯಾರದೋ ವ್ಯಾನಿಗೆ ಸಾಗಿಸಿದರು. ಅದಕ್ಕೂ ಮೊದಲು ಬ್ಯಾನರ್ ಬಿಚ್ಚಿಕೊಂಡರು ಅನ್ನಿ, ಅಧ್ಯಕ್ಷರ ಮುಖಕ್ಕೆ ಮಸಿ ಹತ್ತಬಾರದಲ್ಲ! ಲಾರಿಯ ಹತ್ತಿರ ಉಳಿದವರು ಗಂಡಹೆಂಡತಿ ಇಬ್ಬರೇ. ಕೀರ್ತಿ ಫುಟ್‌ಪಾತಿನ ಮೇಲೆ ಕೂತು, “ಬೆಂಕಿ ಬೀಳ್ಲಿ ನಿಮ್ಮ ನೌಕರಿಗೆ” ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಗ್ಯಾರೇಜಿನವನು ಬಿಚ್ಚಿ ನೋಡಿ, ರಿಪೇರಿಗೆ ಲಾರಿಯ ಬೆಲೆಗಿಂತ ಹೆಚ್ಚು ಬೀಳುತ್ತದೆ, ಗುಜರಿಗೆ ಹಾಕಿ ಎಂದ. ಒಪ್ಪಿಕೊಂಡಿದ್ದ ಸಾಗಣೆಗಳೆಲ್ಲ ಕೈಬಿಟ್ಟವು. ಇನ್ನು ಉಳಿದದ್ದು ರಾಮದಾಸನ ಮಾತೊಂದೇ. ಅವನು ಕರೆಯದಿದ್ದಾಗ ನಾಚಿಕೆ ಬಿಟ್ಟು ಸಿದ್ದಪ್ಪನೇ ಫೋನ್ ಮಾಡಿದ.

“ಬೇಜಾರು ಮಾಡ್ಬೇಡಿ ಸಿದ್ದಪ್ಪನವ್ರೇ” ಎಂದ ರಾಮದಾಸ್. “ನಮ್ಮ ಡಿಪಾರ್ಟ್‌ಮೆಂಟಿನವರೂ ಆ ದಿನ ಮೆರವಣಿಗೆ ನೋಡ್ಲಿಕ್ಕೆ ಬಂದಿದ್ರು. ಸ್ವಂತ ಗೇರ್‌ಬಾಕ್ಸನ್ನೇ ಎಲ್ಲರ ಎದುರು ಸುಟ್ಟುಕೊಂಡವರನ್ನ ಅದೇ ಕೆಲಸಕ್ಕೆ ತಗೊಂಡ್ರೆ ನನಗೆ ಉಗಿಯುದಿಲ್ವಾ ಮಾರಾಯ್ರೆ?”

ಸಿದ್ದಪ್ಪನಿಗೆ ಪಿತ್ತ ನೆತ್ತಿಗೇರಿತು. “ಸುಟ್ಟಾಂವ ನಾನಲ್ರಿ, ನಿಮ್ಮ ಬ್ಯಾನರ್! ಕೂಲರಿಗೆ ಗಾಳಿ ಹೋಗದಂಗ ಕಟ್ಟಿದ್ರಿ ನೀವು!”

ಆ ಕಡೆಯ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಅಚ್ಚರಿಯಿತ್ತು.

“ಹೌದಾ? ಹಾಗಾದ್ರೆ ಆಗ್ಲೇ ಹೇಳ್ಬೇಕಿತ್ತಲ್ಲ! ಬಿಚ್ಚಿ ಬಿಸಾಡ್ತಿದ್ದೆ. ಇಂಜಿನಿಯರ್ ನೀವಾ, ನಾನಾ?”

ನಿಜಕ್ಕೂ ಬಿಚ್ಚುತ್ತಿದ್ದನೋ ಇಲ್ಲವೋ, ಆ ದೇವರಿಗೇ ಗೊತ್ತು. ಸಿದ್ದಪ್ಪ ಫೋನ್ ಇಟ್ಟ.

“ಏನಂದ?” ಎಂದು ಕೀರ್ತಿ ಅಡುಗೆಮನೆಯಿಂದ ಕೇಳಿದಳು.

“ನಾ ಬಾಯಿಬಿಟ್ಟು ಹೇಳಬೇಕಿತ್ತಂತ” ಎಂದ.